ಪಟ್ಟದ ಗೊಂಬೆಯ ಪೆಟ್ಟಿಗೆ

ಮಗಳಿಗೆ ಮಗುವಾಗುವ ತನಕ ಹೆತ್ತವರು ಅವಳ ಗಂಡನ ಮನೆಯಲ್ಲಿ ತುತ್ತು ಅನ್ನ ಮುಟ್ಟಬಾರದು ಅನ್ನುವುದು ನಮ್ಮ ಅಪ್ಪನ ಹಠ. ಹಿರಿಯರು ನಡೆಸಿಕೊಂಡು ಬಂದದ್ದು ಅನ್ನುತ್ತಿದ್ದರು. ಇಲವಾಲದಿಂದ ವಿದ್ಯಾರಣ್ಯಪುರಂಗೆ ನನ್ನನ್ನು ನೋಡಲು ಬಂದರೆ ಜಗಲಿಯ ತುದಿಯಲ್ಲಿ ಕೂತು, ಒಂದು ಲೋಟ ನೀರೂ ಕುಡಿಯದೆ ಮುಂದಿನ ಬಸ್ಸಿಗೆ ಎದ್ದುಬಿಡುತ್ತಿದ್ದರು. ನನಗೋ ಕೋಪ, ಅದರ ಹಿಂದೆಯೇ ಅಳು. ಅಪ್ಪನಿಗೆ ಕೈಯಾರೆ ಒಂದು ಹೊತ್ತು ಬಡಿಸಬೇಕು ಅನ್ನುವುದೊಂದೇ ನನ್ನ ಆಸೆಯಾಗಿತ್ತು.

ಬೇಸಾಯಗಾರರಾದರೂ ಅಪ್ಪನ ಕೈ ಸದಾ ಉಳಿಯ ಮೇಲೆ. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ, ವೈಶಾಖದ ಉರಿಬಿಸಿಲಲ್ಲಿ ನನ್ನ ಮದುವೆಯಾಯಿತು. ಮದುಮಗಳಿಗೆ ಕೊಡುವ ರಾಜ ರಾಣಿಯ ಪಟ್ಟದ ಗೊಂಬೆಗಳ ಜೊತೆಗೆ, ಅವನ್ನಿಡಲು ಬೀಟೆಮರದ ಪೆಟ್ಟಿಗೆಯನ್ನೂ ಅಪ್ಪ ತಾವೇ ಮಾಡಿಕೊಟ್ಟಿದ್ದರು. ಎರಡು ಬದಿ ಕೊರೆದ ಸಂದಿನಲ್ಲಿ ಜಾರಿಸಿ ಮುಚ್ಚುವ ಹಲಗೆ. ಅದರ ಮೇಲೆ ಬಿಳಿ ಮರದ ಚೂರುಗಳನ್ನು ಕೂರಿಸಿದ ಜೋಡಿ ಹಂಸ. "ಇರುವೆ ಕೂಡ ನುಸುಳಾಕಿಲ್ಲ, ನೋಡ್ರಿ" ಎಂದು ಬೀಗರ ಮುಂದೆ ಮೀಸೆ ತಿರುವಿದ್ದರು.

ದಸರೆಯ ಮೊದಲ ದಿನ ಬೆಳಿಗ್ಗೆ ನೋಡಿದರೆ ಇರುವೆಯಿರಲಿ, ನನಗೇ ಪ್ರವೇಶವಿಲ್ಲ! ಮಳೆಗಾಲದ ತೇವ ಕುಡಿದು ಹಲಗೆ ಕಚ್ಚಿಕೊಂಡಿತ್ತು. ನಾನು ಎಳೆದೆ, ನನ್ನ ಗಂಡ ಎಳೆದರು. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸಂಜೆ ಆರತಿಗೆ ಅಕ್ಕಪಕ್ಕದ ಹೆಂಗಸರು ಬರುವವರು. ಪಟ್ಟದ ಗೊಂಬೆಯೇ ಇಲ್ಲದ ಗೊಂಬೆ ಹಬ್ಬ ಎಲ್ಲಾದರೂ ಉಂಟೇ? ಗಂಡ ಸುತ್ತಿಗೆ ತಂದರು. "ಹಂಸ ಒಡೆದೀಯ, ಜೋಕೆ!" ಎಂದು ಅತ್ತೆ ಮಗನನ್ನು ಗದರಿ, ಸೈಕಲ್ ಹತ್ತಿಸಿ ಇಲವಾಲಕ್ಕೆ ಓಡಿಸಿದರು.

ಅಪ್ಪ ಹತ್ಯಾರದ ಚೀಲದೊಡನೆ ಬಂದರು. ಹಲಗೆಯ ಅಂಚಿನ ಮೇಲೆ ಬೆರಳಾಡಿಸಿ ನಕ್ಕುಬಿಟ್ಟರು.

"ನೀರು ಕುಡುದ್ರೆ ಮರ ಉದ್ದಕ್ಕೆ ಬೆಳೆಯಾಕಿಲ್ಲ ಕಣವ್ವ, ಅಗಲಕ್ಕೆ ಉಬ್ಬುತ್ತೆ. ಮಳೆಗಾಲಕ್ಕೆ ಒಸಿ ಜಾಗ ಬುಡಬೇಕಿತ್ತು. ಬೇಸ್ಗೆ ನೋಡ್ಕಂಡು ಬಿಗಿ ಮಾಡ್ಬುಟ್ಟೆ."

ತಮ್ಮ ಜಂಬ ಇಳಿದದ್ದಕ್ಕೆ ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ. ಪೆಟ್ಟಿಗೆ ಬಚ್ಚಲೊಲೆಯ ಕಡೆ ಹೋಯಿತು. ಬೆಂಕಿಗೆ ತೀರ ಹತ್ತಿರವಿಟ್ಟರೆ ಮರ ಸೀಳುತ್ತದೆ. ದೂರದಲ್ಲಿಟ್ಟು, ಆಗಾಗ ಮಗ್ಗುಲು ಬದಲಿಸಿ ಕಾಯಬೇಕು. ಕಾದದ್ದೇ ಕಾದದ್ದು. ಮಧ್ಯಾಹ್ನವಾಯಿತು, ಎಲೆ ಹಾಕಿದೆ. ಅಪ್ಪ ಎಂದಿನಂತೆ "ನಂಗೆ ಬ್ಯಾಡ, ನೀವು ಉಣ್ಣಿ" ಎಂದು ಜಗಲಿಯ ಕಡೆ ತಿರುಗಿದರು.

ಅತ್ತೆ ಸೌಟು ಹಿಡಿದೇ ಅಡ್ಡ ನಿಂತರು.

"ಇವತ್ತು ನೀವು ಬೀಗ್ರಾಗಿ ಬಂದಿಲ್ಲ, ಬಡಗಿಯಾಗಿ ಬಂದಿದ್ದೀರಿ. ಕೆಲ್ಸಕ್ಕೆ ಬಂದೋರ್ನ ಹಸ್ದ ಹೊಟ್ಟೇಲಿ ಕಳ್ಸೋ ಮನೆ ಅಲ್ಲ ಕಣ್ರೀ ಇದು. ಕೂತ್ಕಳಿ!"

ಅಪ್ಪ ನಕ್ಕು ಕೈ ತೊಳೆದುಕೊಂಡರು. ಕೂತರು. ಬಡಿಸುವಾಗ ಅಪ್ಪನ ಮುಖವನ್ನೇ ನೋಡುತ್ತ ತುಪ್ಪವನ್ನು ಎಲೆಯಾಚೆ ಸುರಿದುಬಿಟ್ಟೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಬೇಡ ಬೇಡ ಅನ್ನುತ್ತಲೇ ಅಪ್ಪ ಪಾಯಸವನ್ನು ಎರಡು ಸಲ ಹಾಕಿಸಿಕೊಂಡರು.

ಹೊತ್ತು ಇಳಿಯುವ ಮುಂಚೆ ಹಲಗೆ ಸಡಿಲವಾಯಿತು. ಒಣಗಿದ್ದು ಮುಂದಿನ ಮಳೆಗೆ ಮತ್ತೆ ಉಬ್ಬುತ್ತದೆಂದು ಅಪ್ಪ ಅದರ ಅಂಚನ್ನು ಹೆರೆದು, ವೀಳ್ಯದೆಲೆ ತೂರುವಷ್ಟು ಸಂದು ಬಿಟ್ಟರು. ಆರತಿಯ ವೇಳೆಗೆ ರಾಜ ರಾಣಿ ಮೇಲಿನ ಮೆಟ್ಟಿಲಲ್ಲಿ ಕೂತಾಗಿತ್ತು.

ಮರುವರ್ಷದ ದಸರೆಗೂ ನನಗಿನ್ನೂ ಮಗುವಾಗಿರಲಿಲ್ಲ. ಹಬ್ಬದ ಹಿಂದಿನ ದಿನ ಪೆಟ್ಟಿಗೆ ತೆಗೆದು ನೋಡಿದೆ. ಅಷ್ಟು ಮಳೆ ಹೊಯ್ದಿದ್ದರೂ ಹಲಗೆ ಸರಾಗವಾಗಿ ಜಾರಿತು. ನನ್ನ ಮುಖ ಸಪ್ಪಗಾಯಿತು. ಅತ್ತೆ ಅದನ್ನು ನೋಡಿದರು, ಹಲಗೆಯನ್ನು ಮೆಲ್ಲಗೆ ಮುಚ್ಚಿದರು, ಮಗನನ್ನು ಕೂಗಿದರು.

"ಬೀಗ್ರಿಗೆ ಹೇಳ್ಬುಟ್ಟು ಬಾರೋ. ಪೆಟ್ಗೆ ಮತ್ತೆ ಕಚ್ಕೊಂಡದೆ."

ಮರುದಿನ ಅಪ್ಪ ಬಂದರು. ಎರಡು ಬೆರಳಲ್ಲಿ ತಳ್ಳಿದ್ದಕ್ಕೇ ಹಲಗೆ ಪೂರ್ತಿ ಸರಿಯಿತು. ಅತ್ತೆಯ ಮುಖ ನೋಡಿದರು, ನನ್ನ ಮುಖ ನೋಡಿದರು. ಹಲಗೆಯನ್ನು ಮತ್ತೆ ಮುಚ್ಚಿ, ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು.

"ಊಂ, ಒಸಿ ಬಿಗಿಯಾಗೇ ಅದೆ" ಅಂದರು. "ಊಟ ಆದ್ಮ್ಯಾಕೆ ನೋಡಾನ."