ಪಟ್ಟದ ಗೊಂಬೆಯ ಕೆಳಗೆ ಎರಡು ವಿಮಾನ

...ಅಥವಾ ಅದು ಫ್ರಾನ್ಸಿನ ವಿಮಾನವೇ ಇದ್ದಿರಬಹುದು. ರಷ್ಯಾದ್ದು ಎಂದು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ರಷ್ಯಾದ್ದಾದರೆ ಕತೆ ಚೆನ್ನಾಗಿ ಕೂರುತ್ತದೆ. ನನ್ನ ಅನುಮಾನಕ್ಕೆ ಅದೇ ಕಾರಣ. ಆದರೆ ಅವತ್ತು ಚೀನಾದ ಮಾತು ಬಂದದ್ದಂತೂ ನಿಜ. ಚೀನಾಕ್ಕೆ ಯುದ್ಧವಿಮಾನ ಮಾರಿದವರು ರಷ್ಯಾದವರು. ಹಾಗಾಗಿ ರಷ್ಯಾದ್ದು ಎಂದೇ ಇಟ್ಟುಕೊಳ್ಳುತ್ತೇನೆ.

ವಿಮಾನವೆಂದರೆ ಮೇಜಿನ ಮೇಲಿಡುವ ಪುಟ್ಟ ಮಾದರಿ. ಮಲ್ಲೇಶ್ವರದ ನನ್ನ ಚಿಕ್ಕಪ್ಪ ವಿಮಾನ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದವರು. ಯಲಹಂಕದ ವಿಮಾನ ಪ್ರದರ್ಶನಕ್ಕೆ ಹೋದಾಗಲೆಲ್ಲ ಯಾವುದೋ ದೇಶದ ಮಳಿಗೆಯವರು ಇಂಥದ್ದೊಂದನ್ನು ಅವರ ಕೈಗಿಡುತ್ತಿದ್ದರು. ನವರಾತ್ರಿಗೆ ಗೊಂಬೆ ಕೂರಿಸುವ ಮನೆಯಲ್ಲಿ ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಬೇಕಲ್ಲ, ಚಿಕ್ಕಮ್ಮ ಅವನ್ನೇ ಕೂರಿಸಿಬಿಡುತ್ತಿದ್ದರು. ಮೇಲೆ ಪಟ್ಟದ ಗೊಂಬೆ, ರಾಜ ರಾಣಿ. ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರ ಅಂಗಡಿ, ಮದುವೆ ದಿಬ್ಬಣ, ಅದರ ಪಕ್ಕ ರಷ್ಯಾದ ವಿಮಾನ.

ಆ ವರ್ಷ ಅಮೆರಿಕದ್ದೂ ಸೇರಿತ್ತು. ಅದನ್ನು ಕೊಟ್ಟ ಕಂಪನಿ ಬೆಂಗಳೂರಿನಲ್ಲಿ ಒಬ್ಬ ಸಲಹೆಗಾರನನ್ನು ಹುಡುಕುತ್ತಿತ್ತು. ನಿವೃತ್ತರಾದ ಮೇಲೆ ಸ್ಯಾಂಕಿ ಕೆರೆ ಸುತ್ತಿ ಸುತ್ತಿ ಬೇಸತ್ತಿದ್ದ ಚಿಕ್ಕಪ್ಪನಿಗೆ ಆ ಕೆಲಸ ಬೇಕೇ ಬೇಕಿತ್ತು. ಕಂಪನಿಯ ಅಧಿಕಾರಿಯೊಬ್ಬರು ಊರಿಗೆ ಬಂದಿದ್ದಾಗ ಗೊಂಬೆ ನೋಡಲು ಮನೆಗೆ ಕರೆದರು. ಅವರು ಬರುವುದಕ್ಕೆ ಸ್ವಲ್ಪ ಮುಂಚೆ, ನಾನು ನೋಡುತ್ತಿದ್ದಂತೆಯೇ, ಚಿಕ್ಕಪ್ಪ ರಷ್ಯಾದ ವಿಮಾನವನ್ನು ಮಗುಚಿ ಶೆಟ್ಟರ ಹಿಂದೆ ಮಲಗಿಸಿದರು. 

ಅಡುಗೆಮನೆಯಿಂದ ಬಂದ ಚಿಕ್ಕಮ್ಮ ಕೂಗಿದರು: "ಅಯ್ಯೋ, ಏನ್ ಮಾಡಿದ್ರಿ ರೀ! ಗೊಂಬೆ ಮಲಗಿಸೋದು ವಿಜಯದಶಮಿ ದಿನ. ಇವತ್ತೇ ಹಬ್ಬ ಮುಗಿಸ್ಬಿಟ್ರಲ್ಲ!"

"ಮೆತ್ತಗೆ ಮಾತಾಡೇ. ಬರೋರು ಅಮೆರಿಕದವ್ರು ಕಣೇ. ಇದನ್ನ ನೋಡಿದ್ರೆ ಏನಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಳಿ. ಕೂರಿಸಿದ್ದನ್ನ ಮಧ್ಯದಲ್ಲಿ ಎಬ್ಬಿಸಿ ಕಳಿಸ್ತಾರಾ? ಬೇಕಾದ್ರೆ ಅವರದ್ದನ್ನ ಪಕ್ಕದಲ್ಲೇ ಇಡ್ತೀನಿ, ಬೇಜಾರಾಗಲ್ಲ."

ಮಲಗಿಸಿದ್ದನ್ನು ಎತ್ತಿ ನಿಲ್ಲಿಸಿ, ಹಾಗೇ ಇಟ್ಟರು. ಎರಡರ ಮೂತಿ ಎದುರುಬದುರು. ಚಿಕ್ಕಪ್ಪ ನನ್ನ ಕಡೆ ತಿರುಗಿ, "ನೀನಾದ್ರೂ ಹೇಳೋ ನಿಮ್ ಚಿಕ್ಕಮ್ಮಂಗೆ" ಎಂದರು. ನನಗೋ, ಬರುವವರು ಏನು ಮಾಡುತ್ತಾರೋ ನೋಡುವ ಕುತೂಹಲ.

ಬಂದವರು ತುಂಬ ಉದ್ದದ ಮನುಷ್ಯ. ಬಾಗಿಲಲ್ಲೇ ಬೂಟು ಬಿಚ್ಚಿದರು, ನೆಲದ ಮೇಲೆ ಕಾಲು ಮಡಿಸಲು ಒದ್ದಾಡಿದರು, ಕಡಲೆಕಾಳಿನ ಉಸಲಿಯನ್ನು ಇಷ್ಟಪಟ್ಟು ತಿಂದರು. ಆಮೇಲೆ ರಷ್ಯಾದ ವಿಮಾನವನ್ನು ಕಣ್ಣಲ್ಲೇ ತೋರಿಸಿ, ಇಂಗ್ಲಿಷಿನಲ್ಲಿ, ನಗುತ್ತಲೇ ಹೇಳಿದರು: ಇದನ್ನು ಮಾಡಿದವರು ಚೀನಾಕ್ಕೂ ಮಾರುತ್ತಾರೆ, ನಿಮಗೆ ಗೊತ್ತಲ್ಲ?

ಚಿಕ್ಕಪ್ಪ ಹೌದು ಹೌದು ಎಂದರು. ಚಿಕ್ಕಮ್ಮ ದೊನ್ನೆಗೆ ಇನ್ನಷ್ಟು ಉಸಲಿ ಬಡಿಸುತ್ತಾ, ಅವರಷ್ಟೇ ನಗುತ್ತಾ, ಇಂಗ್ಲಿಷಿನಲ್ಲೇ ಕೇಳಿದರು: ನೀವು ಪಾಕಿಸ್ತಾನಕ್ಕೆ ಮಾರಲಿಲ್ಲವೇ?

ಮುಂದೆ ಏನಾಯಿತು ಎಂಬಲ್ಲಿ ನಾವು ಮೂವರೂ ಬೇರೆ ಬೇರೆ. ಅವರು ಜೋರಾಗಿ ನಕ್ಕರು ಎನ್ನುತ್ತಾರೆ ಚಿಕ್ಕಮ್ಮ. ಒಂದು ಕ್ಷಣ ಅವರ ಮುಖ ಬಿಗಿಯಿತು ಎನ್ನುತ್ತಾರೆ ಚಿಕ್ಕಪ್ಪ. ನನಗೆ ನೆನಪಿರುವುದು ಅವರ ಉತ್ತರ: ಆಗಿನ ಕಾಲವೇ ಬೇರೆ, ಆಗ ನೀವು ರಷ್ಯಾದವರ ಜೊತೆ ಇದ್ದಿರಿ. ಅದನ್ನು ಅವರು ಅಲ್ಲಿ ಹೇಳಿದರೋ, ನಾನು ಆಮೇಲೆ ಎಲ್ಲಿಂದಲೋ ತಂದು ಅವರ ಬಾಯಿಗೆ ಹಾಕಿದೆನೋ? ಹೊರಡುವಾಗ ಅವರು ಬಗ್ಗಿ, ತಮ್ಮ ವಿಮಾನದ ಮೂತಿಯನ್ನು ಬೆರಳಲ್ಲಿ ತಿರುಗಿಸಿ ಎರಡೂ ಒಂದೇ ದಿಕ್ಕಿಗೆ ನೋಡುವಂತೆ ಮಾಡಿದರು ಎಂದೂ ನೆನಪು. "ಸುಳ್ಳು ಕಣೋ, ಅವರು ಮುಟ್ಟಲೇ ಇಲ್ಲ" ಎನ್ನುತ್ತಾರೆ ಚಿಕ್ಕಪ್ಪ. ನನ್ನ ಫೋನಿನಲ್ಲಿ ಒಂದು ಫೋಟೋ ಇದೆ. ಅದರಲ್ಲಿ ಚಿಕ್ಕಮ್ಮನ ಸೆರಗು ಅಡ್ಡ ಬಂದು ಒಂದೇ ವಿಮಾನದ ಬಾಲ ಕಾಣುತ್ತದೆ.

ವಿಜಯದಶಮಿಯ ದಿನ ಚಿಕ್ಕಮ್ಮ ಎರಡನ್ನೂ ಒಂದೇ ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದರು. ದೀಪಾವಳಿ ಬಂತು, ಸಂಕ್ರಾಂತಿಯೂ ಬಂತು. ಕಂಪನಿಯಿಂದ ಫೋನು ಬರಲಿಲ್ಲ. ಚಿಕ್ಕಪ್ಪ ಮತ್ತೆ ಕೆರೆ ಸುತ್ತತೊಡಗಿದರು. "ನಿನ್ನ ಆ ಒಂದು ಪ್ರಶ್ನೆ..." ಎಂದು ಶುರುಮಾಡಿದರೆ ಚಿಕ್ಕಮ್ಮ, "ಯಾಕೆ, ಪೇಪರ್ ಓದಲ್ವಾ ನೀವು? ಈಗ ಅಮೆರಿಕದವ್ರೇ ನಮ್ ದೇಶದ ಮೇಲೆ ಮುನಿಸ್ಕೊಂಡಿದಾರೆ, ನಿಮ್ಮನ್ನ ಎಲ್ಲಿ ಕರೀತಾರೆ" ಎನ್ನುತ್ತಾರೆ. ಅವರು ಹೇಳುವಂತೆ ಆ ಹೊತ್ತಿಗೆ ಎರಡು ದೇಶಗಳ ನಡುವೆ ಏನೋ ಕಸಿವಿಸಿ ಇದ್ದದ್ದೂ ಹೌದು.

ಕೆಲಸ ತಪ್ಪಿದ್ದು ದೆಹಲಿಯಲ್ಲೋ ವಾಷಿಂಗ್ಟನ್ನಿನಲ್ಲೋ ಆದ ತೀರ್ಮಾನದಿಂದಲೇ, ಚಿಕ್ಕಮ್ಮನ ಪ್ರಶ್ನೆಯಿಂದಲೇ ಅಥವಾ ಕಂಪನಿಗೆ ಇನ್ನೊಬ್ಬರು ಸಿಕ್ಕಿದ್ದರಿಂದಲೇ? ಚಿಕ್ಕಪ್ಪ ಯಾವತ್ತೂ ಕಂಪನಿಯವರನ್ನು ಕೇಳಲಿಲ್ಲ. ನನಗೂ ಗೊತ್ತಿಲ್ಲ.