ಧ್ವನಿಮತದ ಮಧ್ಯಾಹ್ನ

ಶಾಸಕನಾಗಿದ್ದ ನಾನು ಸೋತು ಮಾಜಿಯಾದ ಎರಡನೇ ವರ್ಷ, ನಮ್ಮ ಹೊಲದ ಮೆಣಸಿನಕಾಯಿ ಮಾರಲು ಬ್ಯಾಡಗಿ ಮಾರುಕಟ್ಟೆಗೆ ಹೋಗಿದ್ದೆ. ದಲಾಲರ ಅಂಗಡಿಯ ಮುಂದೆ ಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದ ಮುದುಕಿಯೊಬ್ಬಳು ನನ್ನ ಗುರುತು ಹಿಡಿದಳು.

“ಸಾಹೇಬ್ರ, ನೀವು ಶಾಸಕರಿದ್ದಾಗ ಬಂದ ಆ ಮಾರ್ಕೆಟ್ ಕಾಯ್ದೆಕ್ಕ ಹೂಂ ಅಂದ್ರೋ, ಬ್ಯಾಡ ಅಂದ್ರೋ?”

“ಅದು ಧ್ವನಿಮತ, ಯವ್ವಾ. ಎಲ್ಲಾರೂ ಕೂಡಿ ಕೂಗ್ತಾರ. ಯಾರು ಏನಂದ್ರು ಅಂತ ಬರ್ಕೊಳ್ಳಂಗಿಲ್ಲ,” ಎಂದೆ. ಚುನಾವಣೆಯಲ್ಲಿ ಇದೇ ಪ್ರಶ್ನೆ ಎದುರಾದಾಗಲೆಲ್ಲ ಈ ಉತ್ತರವೇ ನನ್ನ ಮಾನ ಕಾಪಾಡಿತ್ತು. ರಾಣೆಬೆನ್ನೂರಿನಲ್ಲಾಗಲಿ ಹಾವೇರಿಯಲ್ಲಾಗಲಿ ಯಾರೂ ಮುಂದೆ ಕೆದಕಿರಲಿಲ್ಲ.

ಅವಳು ನನ್ನ ಚೀಲದ ಮೇಲಿದ್ದ ಚೀಟಿಯತ್ತ ಕೈ ತೋರಿಸಿದಳು. ಅದರಲ್ಲಿ ನನ್ನ ಹೆಸರಿತ್ತು.

“ಚೀಲದ ತಳದಾಗ ಹಸಿ ಕಾಯಿ ಸಿಕ್ರ ಈ ಚೀಟಿ ನೋಡೇ ನಿಮ್ಮನ್ನ ಕರೀತಾರ್ರಿ. ಮೆಣಸಿನಕಾಯಿಗೆ ಇರೋ ಚೀಟಿ ಕಾಯ್ದೆಕ್ಕ ಇಲ್ಲೇನ್ರಿ?”

ವಿಧಾನಸಭೆಯಲ್ಲಿ ಒಬ್ಬೊಬ್ಬರ ದನಿಯನ್ನೂ ಬರೆದುಕೊಂಡಿದ್ದರೂ ನನ್ನ ಹೆಸರಿನ ಮುಂದೆ ಬರೆಯಲು ಏನೂ ಇರುತ್ತಿರಲಿಲ್ಲ. ಪಕ್ಷವೂ ಮುನಿಯಬಾರದು, ಊರೂ ಮುನಿಯಬಾರದು ಎಂದು, ಆ ಮಧ್ಯಾಹ್ನ ಸದನವೆಲ್ಲ ಕೂಗುತ್ತಿದ್ದಾಗ ನಾನು ಬರೀ ತುಟಿ ಅಲ್ಲಾಡಿಸಿದ್ದೆ.