ಎಡಕ್ಕೆ ತಿರುಗದ ಕಾರು

ಮೊನ್ನೆ ಗಾಣದ ಎಣ್ಣೆಯ ಅಂಗಡಿಯಲ್ಲಿ ಹರಳೆಣ್ಣೆ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು "ಮಗುವಿನ ತಲೆಗಾ?" ಎಂದು ಕೇಳಿದರು. ಹೌದು ಎಂದುಬಿಟ್ಟೆ. ರಬ್ಬರ್ ಬುಶ್‌ಗೆ ಸವರಲು ಎಂದು ನಿಜ ಹೇಳಿದ್ದರೆ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರೇನೋ. ಹರಳೆಣ್ಣೆಯ ವಾಸನೆಗೆ ಎಲ್ಲರಿಗೂ ಅಜ್ಜಿ, ಎಣ್ಣೆಸ್ನಾನ, ಬಿಸಿನೀರಿನ ಹಂಡೆ ನೆನಪಾಗುತ್ತವೆ. ನನಗೆ ನೆನಪಾಗುವುದು ಸೊರಬದ ಒಂದು ತಗಡಿನ ಶೆಡ್ಡು ಮತ್ತು ಟೆಂಪೊ ಒಂದರ ಕೆಳಗಿಂದ ಹೊರಗೆ ಚಾಚಿಕೊಂಡ ಎರಡು ಸಣಕಲು ಕಾಲು.

ಆ ಕಾಲುಗಳು ಪಾಟಾ ಮೇಸ್ತ್ರಿಯವರವು. ಲಾರಿ, ಟೆಂಪೊಗಳ ಕೆಳಗೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳಿಗೆ ನಮ್ಮ ಕಡೆ ಪಾಟಾ ಅನ್ನುತ್ತಾರೆ. ಮುರಿದ ಪಾಟಾ ಬದಲಿಸುವುದು, ಸೋತದ್ದನ್ನು ಮತ್ತೆ ಬಾಗಿಸಿ ಕಟ್ಟುವುದು ಅವರ ಕೆಲಸ. ಶಿಕಾರಿಪುರದಲ್ಲಿ ನಮ್ಮಪ್ಪನದು ವಾಹನಗಳ ಬಿಡಿಭಾಗದ ಅಂಗಡಿ. ಬುಶ್ ಎನ್ನುವ ರಬ್ಬರ್ ಬಳೆಗಳು, ಬೋಲ್ಟ್ ಒಯ್ಯಲು ಮೇಸ್ತ್ರಿ ಅಲ್ಲಿಗೆ ಬರುತ್ತಿದ್ದರು. ಒಂದೊಂದು ಬುಶ್ಶನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, ಒಪ್ಪಿಗೆಯಾಗದ್ದನ್ನು ಮಾತಿಲ್ಲದೆ ಡಬ್ಬಿಗೆ ವಾಪಸ್ ಹಾಕುತ್ತಿದ್ದರು. "ಹೆಣ್ಣು ನೋಡಾಕೆ ಬಂದೋರಂಗೆ ನೋಡ್ತಾರಲ್ರೀ" ಎಂದು ಅಪ್ಪ ಗೊಣಗುತ್ತಿದ್ದರು. ಆದರೂ ಒಳ್ಳೆಯ ಮಾಲು ಬಂದರೆ ಮೊದಲು ಫೋನು ಹೋಗುತ್ತಿದ್ದದ್ದು ಸೊರಬಕ್ಕೇ.

ಮೇಸ್ತ್ರಿಯವರದು ಒಂದು ಪದ್ಧತಿ ಇತ್ತು. ಕೆಲಸವೆಲ್ಲ ಮುಗಿದು ಗಾಡಿಯನ್ನು ಜಾಕಿಯಿಂದ ಇಳಿಸಿದ ಮೇಲೆ, ಕೊನೆಯ ಬೋಲ್ಟ್ ಬಿಗಿಯುವ ಮೊದಲು ಯಜಮಾನರನ್ನು ಸ್ಟೇರಿಂಗ್ ಹಿಂದೆ ಕೂರಿಸಲೇಬೇಕು. ಸುತ್ತಲ ಊರುಗಳಲ್ಲಿ ಇದೊಂದು ಶಾಸ್ತ್ರವೇ ಆಗಿಹೋಗಿತ್ತು. ಕೆಲವರು ಅದಕ್ಕೆಂದೇ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬರುತ್ತಿದ್ದರು. ಬಂದಳಿಕೆ ಕಡೆಯ ಒಬ್ಬರಂತೂ ತಮ್ಮದೇ ಗಾಡಿಗೆ ಚಪ್ಪಲಿ ಹೊರಗೆ ಬಿಟ್ಟು ಹತ್ತಿ, ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದರಂತೆ. ಇದೇನು ಹೊಸ ಪೂಜೆ ಎಂದು ಅಪ್ಪ ಒಮ್ಮೆ ಕೆಣಕಿದಾಗ ಮೇಸ್ತ್ರಿ ನಕ್ಕಿದ್ದರು. "ಅವ್ರು ಪೂಜೆ ಅಂದ್ಕಂಡ್ರೆ ಅಂದ್ಕಳ್ಲಿ ಮಾರಾಯ್ರೆ. ಕೂರ್ತಾರಲ್ಲ, ನಂಗೆ ಅಷ್ಟು ಸಾಕು." ನಾನೂ ಅದನ್ನು ಮುದುಕರ ಮೂಢನಂಬಿಕೆ ಎಂದೇ ತಿಳಿದಿದ್ದೆ. ಎಂಜಿನಿಯರಿಂಗ್ ಸೇರಿದ ಹೊಸದರಲ್ಲಿ ನನಗೆ ಮೂಢನಂಬಿಕೆ ಕಾಣದ ಜಾಗವೇ ಇರಲಿಲ್ಲ.

ಕಾಲೇಜಿನ ಮೂರನೇ ವರ್ಷ ನಾವೊಂದು ತಂಡ ಕಟ್ಟಿಕೊಂಡು ಒಂದೇ ಸೀಟಿನ ಪುಟ್ಟ ರೇಸ್ ಕಾರು ಮಾಡಿದೆವು. ಕಾಲೇಜುಗಳ ನಡುವಿನ ಸ್ಪರ್ಧೆಗೆ ಅದು. ನಾಲ್ಕು ಜನ ಹಿಡಿದರೆ ಎತ್ತಿ ಇಡಬಹುದಾದಷ್ಟು ಹಗುರ. ಎಡಗಡೆ ಬೈಕಿನ ಇಂಜಿನ್, ಬಲಗಡೆ ಡ್ರೈವರ್ ಸೀಟು. ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ವಾಲದಂತೆ ಎಡಗಡೆಯ ಗಾಲಿಗೂ ಬಲಗಡೆಯ ಗಾಲಿಗೂ ಅಡ್ಡಲಾಗಿ ಒಂದು ಉಕ್ಕಿನ ಸರಳು ಕೂರಿಸುತ್ತಾರೆ. ಪುಸ್ತಕದಲ್ಲಿ ಅದು ಆಂಟಿ-ರೋಲ್ ಬಾರ್, ನಮ್ಮ ಗ್ಯಾರೇಜುಗಳಲ್ಲಿ ಬ್ಯಾಲೆನ್ಸ್ ರಾಡ್. ನಮ್ಮ ಕಾರಿನ ಮುಂಭಾಗಕ್ಕೆ ಆ ರಾಡಿನ ಲೆಕ್ಕ ಹಾಕಿದವಳು ನಾನು. ಕಾರು ಓಡಿಸಬೇಕಾದವಳೂ ನಾನೇ. ತಂಡದಲ್ಲಿ ನಾನೇ ಹಗುರ ಎಂಬುದು ಒಂದು ಕಾರಣ. ಎಲ್ಲರಿಗಿಂತ ಚೆನ್ನಾಗಿ ಓಡಿಸುತ್ತಿದ್ದೆ ಎಂಬುದು ಇನ್ನೊಂದು. ಅದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚ ಇರಲಿಲ್ಲ, ಈಗಲೂ ಇಲ್ಲ.

ಓಡಿಸಿ ನೋಡಲು ಕಾಲೇಜಿನಲ್ಲಿ ಜಾಗ ಸಿಗಲಿಲ್ಲ. ರಜೆಯಲ್ಲಿ ಕಾರನ್ನು ಗೂಡ್ಸ್ ಟೆಂಪೊದಲ್ಲಿ ಹೇರಿಕೊಂಡು ಶಿಕಾರಿಪುರಕ್ಕೆ ತಂದೆವು. ಪರಿಚಯದವರ ಅಕ್ಕಿ ಗಿರಣಿಯ ಮುಂದೆ ಭತ್ತ ಒಣಗಿಸುವ ದೊಡ್ಡ ಸಿಮೆಂಟ್ ಅಂಗಳ ಇತ್ತು, ಸುಗ್ಗಿಗೆ ಮುಂಚೆ ಅದು ಖಾಲಿ. ಹಳೇ ಟೈರುಗಳನ್ನು ಇಟ್ಟು ದಾರಿ ಮಾಡಿದೆವು. ಮೊದಲನೇ ದಿನವೇ ಬಣ್ಣ ಬಯಲಾಯಿತು. ಎಡಕ್ಕೆ ಸ್ಟೇರಿಂಗ್ ತಿರುಗಿಸಿದರೆ ಕಾರಿನ ಮೂತಿ ಮಾತು ಕೇಳದೆ ಸೀದಾ ಹೋಗಿ ಟೈರುಗಳಿಗೆ ಗುದ್ದುತ್ತಿತ್ತು. ಬಲಕ್ಕೆ ತಿರುಗಿಸಿದರೆ ಹಿಂಭಾಗ ಸರ್ರನೆ ಜಾರಿ ನಾನೇ ಸುತ್ತಿ ನಿಲ್ಲುತ್ತಿದ್ದೆ.

ಮುಂದೆ ಹಿಡಿತ ಸಿಗುತ್ತಿಲ್ಲ ಎಂದೆ. ಹಿಡಿತ ಇಲ್ಲ ಎಂದರೆ ನಮ್ಮೂರಿನವರ ಕೈ ತಾನಾಗಿ ಹೋಗುವುದು ಬಿಗಿ ಮಾಡಲು. ಹಗ್ಗ ಹಿಡಿಯದಿದ್ದರೆ ಬಿಗಿ, ಗುದ್ದಲಿಯ ಕಾವು ಹಿಡಿಯದಿದ್ದರೆ ಬೆಣೆ ಹೊಡೆದು ಬಿಗಿ. ನಾನೂ ಆ ಊರಿನವಳೇ ತಾನೇ. ರಾಡನ್ನು ಇನ್ನೂ ದಪ್ಪ ಮಾಡಿಸಿ, ಕಾರನ್ನು ಜಾಕಿಯ ಮೇಲೆ ನಿಲ್ಲಿಸಿ, ಬೋಲ್ಟ್ ತೂರದಿದ್ದಲ್ಲಿ ಸುತ್ತಿಗೆಯಿಂದ ಬಡಿದು ಕೂರಿಸಿದೆವು. ಕಾರು ಎಡಕ್ಕೆ ಮೊದಲಿಗಿಂತಲೂ ಹಟಮಾರಿಯಾಯಿತು.

ಮೂರನೇ ದಿನ ನಮ್ಮ ಕ್ಯಾಪ್ಟನ್, ನನ್ನದೇ ತರಗತಿಯ ಹುಡುಗ, ತೀರ್ಪು ಕೊಟ್ಟ. "ಕಾರ್ ಸರಿ ಐತೆ. ಓಡ್ಸೋದ್ರಲ್ಲೇ ತಪ್ಪೈತೆ. ಕಾಂಪಿಟಿಶನ್‌ಗೆ ನಾನೇ ಓಡಿಸ್ತೀನಿ, ನೀನು ಟೈಮಿಂಗ್ ನೋಡ್ಕೋ."

ಉಳಿದವರು ನೆಲ ನೋಡಿದರು. ನನಗೆ ಎರಡು ಕಡೆಯಿಂದಲೂ ಇಕ್ಕಟ್ಟು. ಓಡಿಸಿದ್ದು ಸರಿ ಎಂದರೆ ನಾನು ಹಾಕಿದ ಲೆಕ್ಕ ತಪ್ಪಾಗುತ್ತದೆ, ಲೆಕ್ಕ ಸರಿ ಎಂದರೆ ಓಡಿಸಿದ್ದು ತಪ್ಪಾಗುತ್ತದೆ. ಬಚ್ಚಲಿಗೆ ಹೋಗಿ ಅತ್ತೆ. ಅತ್ತು ಮುಖ ತೊಳೆದು ಬಂದು, ಇನ್ನೊಂದು ದಿನ ಕೊಡಿ ಎಂದು ಕೇಳಿದೆ. ಅಂಗಳಕ್ಕೆ ಬಂದಿದ್ದ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಂದೇ ಮಾತು ಹೇಳಿದರು, "ಸೊರಬಕ್ಕೆ ಒಯ್ರಿ."

ಬೆಳಿಗ್ಗೆ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋದೆವು. ರೇಸ್ ಕಾರನ್ನು ಪಾಟಾ ಕಟ್ಟುವವರ ಹತ್ತಿರ ಒಯ್ಯುವುದು ಕ್ಯಾಪ್ಟನ್‌ಗೆ ಅವಮಾನವಾಗಿತ್ತು, ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಕೂತಿದ್ದ. ಮೇಸ್ತ್ರಿ ಶೆಡ್ಡಿನಿಂದ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಆಮೇಲೆ ಕಾರನ್ನಲ್ಲ, ನನ್ನನ್ನು ಕೇಳಿದರು.

"ಎಂತ ಮಾಡ್ತದೆ ಇದು? ಹೇಳು ತಂಗಿ."

ಹೇಳಿದೆ. ಎಡಕ್ಕೆ ಹೀಗೆ, ಬಲಕ್ಕೆ ಹಾಗೆ, ಯಾವ ಕ್ಷಣಕ್ಕೆ ಮೂತಿ ಬಿಡುತ್ತದೆ, ಯಾವ ಕ್ಷಣಕ್ಕೆ ಹಿಂದೆ ಜಾರುತ್ತದೆ... ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನಡುವೆ ಕ್ಯಾಪ್ಟನ್ ಬಾಯಿ ಹಾಕಿ, ಇವಳಿಗೆ ಓಡಿಸಲು ಬರುವುದಿಲ್ಲ, ಅಷ್ಟೇ ಎಂದ.

ಮೇಸ್ತ್ರಿ ಕಣ್ಣು ತೆರೆದರು. "ಓಡ್ಸಕ್ಕೆ ಬರದೋರು ಎರಡೂ ಕಡೆ ಒಂದೇ ತಪ್ಪು ಮಾಡ್ತಾರೆ ತಮ್ಮಾ. ಇದು ಒಂದು ಕಡೆ ಒಂಥರ, ಇನ್ನೊಂದು ಕಡೆ ಇನ್ನೊಂಥರ ಆಗ್ತದೆ. ಇದು ಗಾಡಿ ತಪ್ಪು."

ಓಡಿಸಿದ್ದು ಸರಿ ಎಂದು ಆ ನಾಲ್ಕು ದಿನಗಳಲ್ಲಿ ಹೇಳಿದವರು ಅವರೊಬ್ಬರೇ. ಅಂದರೆ ಲೆಕ್ಕ ತಪ್ಪು ಎಂದಾಯಿತಲ್ಲ ಎಂದು ನಾನು ಇನ್ನೊಂದು ಕಡೆಯಿಂದ ಕುಗ್ಗಿದೆ. ಅಷ್ಟರಲ್ಲಿ ಅವರು ಕೆಳಗೆ ಬಗ್ಗಿ ದಪ್ಪ ರಾಡನ್ನು ಬೆರಳಿನಿಂದ ಅಳೆದಿದ್ದರು.

"ಇಷ್ಟು ದಪ್ಪ ಎಂತಕ್ಕೆ?"

"ಮುಂದೆ ಹಿಡಿಯಂಗಿಲ್ರೀ, ಅದಕ್ಕೆ ಬಿಗಿ ಮಾಡಿದ್ವಿ."

"ಬಿಗಿ ಮಾಡಿದ್ರೆ ಹಿಡಿತ ಬರಲ್ಲ, ಹೋಗ್ತದೆ. ಇಬ್ರು ಹೊರೋ ಮೂಟೆನ ಒಬ್ಬನ ತಲೆ ಮೇಲೆ ಹಾಕಿದಂಗೆ. ರಾಡ್ ಬಿಗಿ ಆದಷ್ಟೂ ತಿರುವಲ್ಲಿ ಭಾರ ಎಲ್ಲ ಹೊರಗಿನ ಗಾಲಿಗೆ ಬೀಳ್ತದೆ. ಅವ ಒಬ್ನೇ ಹೊರ್ತಾನೆ, ಸೋಲ್ತಾನೆ. ಒಳಗಿನವ ಖಾಲಿ ಕೈ ಬೀಸ್ಕಂಡು ಬರ್ತಾನೆ. ಎಲ್ಲಿ ಹಿಡಿತ ಬೇಕೋ ಅಲ್ಲಿ ಮೆತ್ತಗೆ ಮಾಡ್ಬೇಕು. ಮೊದಲಿಂದು ತಂದೀಯಾ?"

ತಂದಿದ್ದೆ. ನಾನು ಮೊದಲು ಲೆಕ್ಕ ಹಾಕಿದ ತೆಳು ರಾಡನ್ನು ಅವರು ಕೈಯಲ್ಲಿ ತೂಗಿ, ಮೇಜಿಗೆ ಬಿಗಿದ ಇಕ್ಕಳದಲ್ಲಿ ಸಿಕ್ಕಿಸಿ, ತುದಿ ಹಿಡಿದು ತಿರುಚಿ ನೋಡಿದರು. "ಇದು ಸರಿ ಅದೆ. ಇದನ್ಯಾಕೆ ತೆಗೆದ್ರಿ?" ಎಂದರು. ಓಡಿಸಿದ್ದೂ ಸರಿ, ಲೆಕ್ಕವೂ ಸರಿ! ಅಲ್ಲೇ ಒಂದು ಹಳೇ ಪಾಟಾದ ರಾಶಿಯ ಮೇಲೆ ಕೂತೆ.

ಹಾಗಾದರೆ ತಪ್ಪಿದ್ದೆಲ್ಲಿ? ಅದನ್ನೂ ತೋರಿಸಿದರು. ಇಂಜಿನ್ ಎಡಕ್ಕಿದೆ, ಖಾಲಿ ಕಾರು ಎಡಕ್ಕೆ ಕೊಂಚ ವಾಲುತ್ತದೆ. ಯಾರೂ ಕೂರದಿರುವಾಗ, ಅದೂ ಜಾಕಿಯ ಮೇಲೆ ಗಾಲಿಗಳು ನೇತಾಡುತ್ತಿರುವಾಗ ನಾವು ಎರಡು ಸಲವೂ ರಾಡನ್ನು ಬಿಗಿದಿದ್ದೆವು. ಆಮೇಲೆ ನಾನು ಬಲಗಡೆ ಕೂತ ತಕ್ಷಣ ಕಾರು ಬಲಕ್ಕೆ ಇಳಿಯುತ್ತದೆ, ರಾಡು ತಿರುಚಿಕೊಳ್ಳುತ್ತದೆ. ಕಾರು ಇನ್ನೂ ಹೊರಟೇ ಇಲ್ಲ, ಆಗಲೇ ಅದು ಮುಂದಿನ ಬಲಗಾಲಿಯನ್ನು ಒತ್ತುತ್ತ, ಎಡಗಾಲಿಯನ್ನು ಎತ್ತುತ್ತ ನಿಂತಿರುತ್ತದೆ. ಎಡಕ್ಕೆ ತಿರುಗುವಾಗ ಹೊರೆ ಹೊರಬೇಕಾದದ್ದು ಅದೇ ಬಲಗಾಲಿ, ಅದು ಮೊದಲೇ ದಣಿದಿದೆ. "ಟೆಂಪೊಗೆ ಒಬ್ಬ ಡ್ರೈವರ್ ದೊಡ್ಡ ಭಾರ ಅಲ್ಲ, ಆದ್ರೂ ಕೂರಿಸ್ತೀನಿ. ರಬ್ಬರ್ ಬುಶ್ಶಾದ್ರೂ ತಿರುಚ್ಕಳದೆ ಸರಿಯಾಗಿ ಕೂರ್ತದೆ. ಇದಕ್ಕೆ ಬ್ಯಾರೆ ಲೋಡೇ ಇಲ್ಲ. ಕೂರೋರೇ ಲೋಡು."

ಪೂಜೆ ಎಂದು ನಾವು ನಕ್ಕದ್ದು ಇದಕ್ಕೆ. ಕ್ಯಾಪ್ಟನ್‌ನ ಊದಿದ ಮುಖವೂ ಇಳಿದಿತ್ತು. ಅವನೂ ಕೆಳಗೆ ಬಗ್ಗಿ ನೋಡುತ್ತಿದ್ದ.

ತೆಳು ರಾಡು ಕೂತಿತು. ಬುಶ್‌ಗಳಿಗೆ ಮೇಸ್ತ್ರಿ ಬೆರಳಿನಿಂದ ಹರಳೆಣ್ಣೆ ಸವರಿದರು, ಗ್ರೀಸ್ ರಬ್ಬರನ್ನು ತಿನ್ನುತ್ತದೆ ಎಂದು ಅವರು ಅದನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಕಾರನ್ನು ಸಪಾಟು ನೆಲಕ್ಕೆ ಇಳಿಸಿದೆವು. ಆಗ ಅವರು ಕೈ ಒರೆಸಿಕೊಳ್ಳುತ್ತ ನಮ್ಮೆಲ್ಲರ ಮುಖ ನೋಡಿ, ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆ ಕೇಳಿದರು.

"ಯಜಮಾನ್ರು ಯಾರು ಇದಕ್ಕೆ?"

ನನ್ನ ತೂಕಕ್ಕೆ ಕಟ್ಟಿದರೆ ನಾನೇ ಓಡಿಸಬೇಕು, ಅವನ ತೂಕಕ್ಕೆ ಕಟ್ಟಿದರೆ ಅವನು. ಅದು ಅಲ್ಲಿದ್ದ ಎಲ್ಲರಿಗೂ ಅರ್ಥವಾಗಿತ್ತು. ಯಜಮಾನರು ಎಂದರೆ ನಮ್ಮ ಕಡೆ ಗಂಡಸರು. ಮನೆಗೆ, ಗಾಡಿಗೆ, ಗದ್ದೆಗೆ. ಆ ಮಾತಿಗೆ ನಾನು ಅಲ್ಲಿಯವರೆಗೆ ಒಮ್ಮೆಯೂ ಓಗೊಟ್ಟಿರಲಿಲ್ಲ. ಕ್ಯಾಪ್ಟನ್ ಒಂದು ಹೆಜ್ಜೆ ಮುಂದೆ ಇಟ್ಟದ್ದು ಕಂಡಿತು.

"ನಾನು," ಎಂದೆ.

ಮೇಸ್ತ್ರಿ ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಅಲ್ಲಿಯವರೆಗೆ ತಂಗಿ, ಹೇಳು, ತಂದೀಯಾ ಎನ್ನುತ್ತಿದ್ದವರು ಸ್ಪ್ಯಾನರ್ ಎತ್ತಿಕೊಂಡು, "ಹಂಗಾದ್ರೆ ಕೂತ್ಕಳಿ ಯಜಮಾನ್ರೆ" ಎಂದರು. ಕೂತೆ. ಹೆಲ್ಮೆಟ್ ಹಾಕಿಸಿದರು, ಅದೂ ಭಾರವೇ ಎಂದು. ಎರಡು ಸಲ ಕಾರನ್ನು ಮೇಲೆ ಕೆಳಗೆ ಕುಲುಕಿ ತಾನಾಗಿ ನಿಲ್ಲಲು ಬಿಟ್ಟರು. ರಾಡನ್ನು ಗಾಲಿಗೆ ಸೇರಿಸುವ ಕೊಂಡಿಯನ್ನು ಅರ್ಧ ಸುತ್ತು, ಕಾಲು ಸುತ್ತು ತಿರುಗಿಸುತ್ತ ಉದ್ದ ಹೊಂದಿಸಿದರು. ಕೊನೆಗೆ ಬೋಲ್ಟನ್ನು ಕಿರುಬೆರಳಿನಿಂದ ತಳ್ಳಿದರು. ಸುತ್ತಿಗೆ ಕೇಳುತ್ತಿದ್ದ ಬೋಲ್ಟು ಸದ್ದಿಲ್ಲದೆ ಒಳಗೆ ಹೋಯಿತು.

ಅದೇ ಸಂಜೆ ಗಿರಣಿಯ ಅಂಗಳದಲ್ಲಿ ಕಾರು ಎಡಕ್ಕೂ ಬಲಕ್ಕೂ ಒಂದೇ ಸಮ ತಿರುಗಿತು. ಆರು ಸುತ್ತು ಆದ ಮೇಲೆ ಕ್ಯಾಪ್ಟನ್ ಬಂದು ಸ್ಟಾಪ್‌ವಾಚನ್ನು ನನ್ನ ಕಣ್ಣ ಮುಂದೆ ಹಿಡಿದ. ಸಾರಿ ಎನ್ನಲಿಲ್ಲ, ಟೈಮಿಂಗ್ ನಾನೇ ನೋಡ್ಕೋತೀನಿ ಎಂದ. ಅಷ್ಟಕ್ಕೆ ನಾನು ಅವನನ್ನು ಕ್ಷಮಿಸಿದೆ.

ಸ್ಪರ್ಧೆಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಓಡಿಸುವ ಒಂದು ಪರೀಕ್ಷೆ ಇರುತ್ತದೆ. ಬಲದ ಸುತ್ತಿಗೆ ಒಂದು ಸಮಯ, ಎಡದ ಸುತ್ತಿಗೆ ಒಂದು. ನನ್ನ ಎರಡು ಸಮಯಗಳಿಗೂ ಕೂದಲೆಳೆಯ ವ್ಯತ್ಯಾಸ. ನಮ್ಮ ತಯಾರಿ ನೋಡಿದ್ದ ಒಬ್ಬ ಪರೀಕ್ಷಕರು ಬಂದು, ಡ್ರೈವರ್ ಕೂತ ಮೇಲೆ ರಾಡ್ ಹೊಂದಿಸಬೇಕೆಂದು ನಿಮಗೆ ಹೇಳಿಕೊಟ್ಟವರು ಯಾವ ಪ್ರೊಫೆಸರ್ ಎಂದು ಕೇಳಿದರು. ಸೊರಬದಲ್ಲಿ ಪಾಟಾ ಕಟ್ಟುವ ಮೇಸ್ತ್ರಿ ಎಂದು ಕನ್ನಡದಲ್ಲೇ ಹೇಳಿದೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಪಾಟಾ ಎಂದರೇನು, ಸೊರಬ ಎಲ್ಲಿದೆ ಎಂದು ಇಂಗ್ಲಿಷಿನಲ್ಲಿ ವಿವರಿಸಿ ಹೇಳಿದೆ. ಅಷ್ಟು ಹೆಮ್ಮೆಯಿಂದ ನಾನು ನನ್ನ ಅಂಕಗಳನ್ನೂ ಯಾರಿಗೂ ಹೇಳಿದವಳಲ್ಲ. ಸಂಜೆ ಮೇಸ್ತ್ರಿಗೆ ಫೋನ್ ಮಾಡಿದೆ. ಎಷ್ಟನೇ ಸ್ಥಾನ ಎಂದು ಅವರು ಕೇಳಲಿಲ್ಲ. "ಎರಡೂ ಕಡೆ ಒಂದೇ ಸಮ ಬಂತಾ ಯಜಮಾನ್ರೆ?" ಎಂದರು. ಬಂತು ಎಂದೆ.

ಒಂದು ಸಲ ಬಂದು ಓಡಿಸುವುದನ್ನು ನೋಡಿ ಎಂದು ಆಮೇಲೆ ಎಷ್ಟೋ ಬಾರಿ ಕರೆದೆ. ಶೆಡ್ಡು ಬಿಟ್ಟು ಎಲ್ಲಿ ಬರೋದು, ಅನ್ನುತ್ತಿದ್ದರು. ನಾನು ಕೊಯಮತ್ತೂರಿನಲ್ಲಿ ರೇಸ್ ಕಾರು ಕಟ್ಟುವ ಕೆಲಸಕ್ಕೆ ಸೇರಿದೆ. ವರ್ಷಕ್ಕೊಂದು ಫೋನು, ಎರಡು ವರ್ಷಕ್ಕೊಂದು... ಅವರು ತೀರಿಕೊಂಡ ಸುದ್ದಿಯನ್ನು ಅಪ್ಪ ಹೇಳುವಾಗ ತಿಂಗಳು ಕಳೆದಿತ್ತು.

ಈ ಸಲ ಊರಿಗೆ ಹೋದಾಗ ಸೊರಬಕ್ಕೆ ಹೋಗಿಬಂದೆ. ಶೆಡ್ಡಿಗೆ ಬೀಗ. ಹಿಂದಿನ ಮನೆಯಿಂದ ಅವರ ಹೆಂಡತಿ ಬಂದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಹೆಸರು ಹೇಳಿದೆ, ಅಪ್ಪನ ಅಂಗಡಿ ಹೇಳಿದೆ, ಗುರುತು ಹತ್ತಲಿಲ್ಲ. ಕಾಲೇಜಿನಲ್ಲಿದ್ದಾಗ ಒಂದು ಸಣ್ಣ ಕಾರು ತಂದಿದ್ದೆವು ಎಂದೆ.

"ಓ, ಎಡಕ್ಕೆ ತಿರುಗದ ಕಾರಿನವ್ರಾ? ಬನ್ನಿ ಒಳಗೆ."

ಟೀ ಕೊಟ್ಟು ಎದುರಿಗೆ ಕೂತರು. ಆ ಕಾರಿನ ಕತೆಯನ್ನು ಮೇಸ್ತ್ರಿ ಬಂದ ಗಾಡಿಯವರಿಗೆಲ್ಲ ಹೇಳುತ್ತಿದ್ದರಂತೆ. ಕೇಳಿ ಕೇಳಿ ತಮಗೂ ಬಾಯಿಪಾಠವಾಗಿದೆ ಎಂದು ನಕ್ಕರು. ಮೇಸ್ತ್ರಿ ಸರಿಯಾಗಿ ಕಟ್ಟಿಕೊಟ್ಟದ್ದಕ್ಕೇ ನಾನಿವತ್ತು ಈ ಕೆಲಸದಲ್ಲಿರುವುದು ಎಂದು ಹೇಳಿದೆ. ಆ ಮಾತನ್ನು ಅವರಿಗೇ ಹೇಳಬೇಕಿತ್ತು, ಹೇಳದೆ ಉಳಿಸಿಕೊಂಡೆ.

ಅವರ ಹೆಂಡತಿ ಅಲ್ಲ ಎಂದು ತಲೆಯಾಡಿಸಿದರು. "ನಾ ಸರಿಯಾಗಿ ಕಟ್ಟಿದೆ ಅಂತ ಅವ್ರು ಒಂದಿನಾನೂ ಹೇಳ್ಲಿಲ್ಲಪ್ಪ. ‘ಆ ಹುಡುಗಿ ಸರಿಯಾಗಿ ಓಡಿಸ್ತಿತ್ತು, ಅದಕ್ಕೇ ತಪ್ಪು ಗೊತ್ತಾಯ್ತು’ ಅಂತಿದ್ರು. ಎಲ್ಲರ ಹತ್ರಾನೂ ಅದನ್ನೇ ಹೇಳ್ತಿದ್ರು."

ನಾನು ಕಾರು ಓಡಿಸಿದ್ದನ್ನು ಮೇಸ್ತ್ರಿ ಒಂದು ದಿನವೂ ನೋಡಿರಲಿಲ್ಲ.